ಕದಿರು ಹೂಡುವ ವಂಶವಾಹಿ: ಚಿಕ್ಕ ತಲೆಯ ಮಗುವಿಗೆ ತಾಯಿ ಕಾರಣಳಲ್ಲ

ಹುಟ್ಟಿದ ಮಗುವಿನ ತಲೆ ತೀರ ಚಿಕ್ಕದಾಗಿದ್ದರೆ ದೂರು ಮೊದಲು ತಲುಪುವುದು ತಾಯಿಯನ್ನು. ಗ್ರಹಣದಲ್ಲಿ ಹೊರಗೆ ಬಂದಳು, ಬಸಿರಿನಲ್ಲಿ ಪಥ್ಯ ಮುರಿದಳು ಎನ್ನುತ್ತಾರೆ. ಉಕ್ಕಡಂ ಸುತ್ತಲಿನ ನಮ್ಮ ಕನ್ನಡ ಮನೆಗಳಲ್ಲಿಯೂ ಈ ಮಾತು ನಿಂತಿಲ್ಲ.

ಈ ಸ್ಥಿತಿಯ ಕಾರಣಗಳಲ್ಲಿ ಒಂದು ಬೆಳಕಿಗೆ ಬಂದದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್, ನಿಮ್ಹಾನ್ಸ್‌ನ ಸತೀಶ್ ಗಿರಿಮಾಜಿ ಮತ್ತು ಸಂಗಡಿಗರು ಇಂಥ ಮಕ್ಕಳಿದ್ದ ಭಾರತೀಯ ಕುಟುಂಬಗಳನ್ನು ಪರೀಕ್ಷಿಸಿ, ‘ಸ್ಟಿಲ್’ ಎಂಬ ವಂಶವಾಹಿಯ ದೋಷವೇ ಕಾರಣವೆಂದು 2009ರಲ್ಲಿ ಪ್ರಕಟಿಸಿದರು.

ಜೀವಕೋಶವು ಎರಡಾಗುವಾಗ ವರ್ಣತಂತುಗಳು ಎರಡು ಕಡೆಗೂ ಸಮನಾಗಿ ಹಂಚಿಹೋಗಬೇಕು. ಅವನ್ನು ಎಳೆಯುವ ಸೂಕ್ಷ್ಮ ದಾರಗಳಿಗೆ ಕದಿರೆಳೆಗಳೆಂದು ಹೆಸರು. ನೂಲಿನ ಗಿರಣಿಗಳ ನಾಡಿನಲ್ಲಿರುವ ನಮಗೆ ಕದಿರೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ಎಳೆಗಳನ್ನು ಎರಡು ತುದಿಗಳಲ್ಲಿ ಹಿಡಿದು ನಿಲ್ಲಿಸುವ ಗೂಟಗಳೇ ಸೆಂಟ್ರೋಸೋಮುಗಳು. ಪ್ರತಿ ವಿಭಜನೆಗೆ ಮುನ್ನ ಒಂದು ಗೂಟವು ಎರಡಾಗಬೇಕು, ಎರಡೇ ಆಗಬೇಕು. ಸ್ಟಿಲ್ ಪ್ರೋಟೀನು ಈ ಕೆಲಸಕ್ಕೆ ಅಗತ್ಯ. ಅದು ಇಲ್ಲವಾದರೆ ಹೊಸ ಗೂಟ ಹುಟ್ಟದು. ಕೆಲಸ ಮುಗಿದ ಮೇಲೂ ಕರಗದೆ ಉಳಿದರೆ ಗೂಟಗಳು ಮಿತಿಮೀರುತ್ತವೆ. ರೋಗಿಗಳಲ್ಲಿ ಕಂಡ ಕೆಲವು ದೋಷಗಳು ಈ ಎರಡನೆಯ ಬಗೆಯವೆಂದು 2014ರಲ್ಲಿ ತಿಳಿದುಬಂತು. ಗರ್ಭದಲ್ಲಿ ಮಿದುಳಿನ ಮೂಲಕೋಶಗಳು ವೇಗವಾಗಿ ವಿಭಜನೆಗೊಳ್ಳುವ ಕಾಲದಲ್ಲಿ ಹೀಗಾದರೆ ನರಕೋಶಗಳ ಸಂಖ್ಯೆ ಕುಗ್ಗುತ್ತದೆ, ಮಿದುಳಿನೊಡನೆ ತಲೆಯೂ ಚಿಕ್ಕದಾಗುತ್ತದೆ, ಬುದ್ಧಿಯ ಬೆಳವಣಿಗೆ ಹಿಂದುಳಿಯುತ್ತದೆ.

ಒಂದು ಬಗೆಯ ರಕ್ತಕ್ಯಾನ್ಸರಿನಲ್ಲಿಯೂ ಇದೇ ವಂಶವಾಹಿಯ ಹೆಸರು ಕೇಳಿಬರುತ್ತದೆ. ಅಲ್ಲಿ ವರ್ಣತಂತುವಿನ ತುಂಡೊಂದು ಕಳಚಿ, ಇದು ನೆರೆಯ ವಂಶವಾಹಿಯೊಡನೆ ಬೆಸೆದುಕೊಂಡಿರುತ್ತದೆ. ಅದು ರಕ್ತಕೋಶದಲ್ಲಿ ಹೊಸದಾಗಿ ಆದ ಬದಲಾವಣೆ, ವಂಶದಿಂದ ಬಂದುದಲ್ಲ. ಎರಡನ್ನೂ ಬೆರೆಸಿ ಹೆದರಬೇಕಾಗಿಲ್ಲ.

ಚಿಕ್ಕ ತಲೆಯ ಸ್ಥಿತಿ ಬರಬೇಕಾದರೆ ತಾಯಿಯಿಂದ ಬಂದ ಪ್ರತಿಯೂ ತಂದೆಯಿಂದ ಬಂದ ಪ್ರತಿಯೂ ಕೆಟ್ಟಿರಬೇಕು. ಒಂದೇ ಪ್ರತಿ ಕೆಟ್ಟವರು ಆರೋಗ್ಯವಾಗಿರುತ್ತಾರೆ. ಅವರಿಗೆ ಅದು ತಿಳಿಯುವುದೂ ಇಲ್ಲ. ದಂಪತಿಗಳಿಬ್ಬರೂ ಅಂಥವರಾದರೆ ಪ್ರತಿ ಬಸಿರಿನಲ್ಲಿಯೂ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿತೆಂದು ಎರಡನೆಯದಕ್ಕೆ ವಿನಾಯಿತಿಯಿಲ್ಲ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿಯ ತೊಡಕು ಇಲ್ಲಿಯೇ ಇದೆ: ಅವರಿಬ್ಬರ ವಂಶವಾಹಿಗಳಲ್ಲಿ ಸರಾಸರಿ ನಾಲ್ಕರಲ್ಲೊಂದು ಪಾಲು ಒಂದೇ ಮೂಲದ್ದು. ಸೋದರತ್ತೆಯ ಮಗನನ್ನು ಮದುವೆಯಾದರೆ ಅದು ಎಂಟರಲ್ಲೊಂದು. ತಮಿಳು ನೆಲದಲ್ಲಿ ಕನ್ನಡ ಮಾತಾಡುವ ಸೊಸೆಯೇ ಬರಲೆಂಬ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಕನ್ನಡ ಮಾತಾಡುವ ಮನೆಗಳು ನಂಟರದಷ್ಟೇ ಅಲ್ಲವಲ್ಲ!

ಎಲ್ಲ ಚಿಕ್ಕ ತಲೆಗೂ ಸ್ಟಿಲ್ ಕಾರಣವಲ್ಲ. ಬೇರೆ ವಂಶವಾಹಿಗಳೂ, ಬಸಿರಿನಲ್ಲಿ ತಗಲುವ ರುಬೆಲ್ಲಾದಂಥ ಸೋಂಕುಗಳೂ ಇವೆ, ಪರೀಕ್ಷೆಯಿಂದಲೇ ತಿಳಿಯಬೇಕು. ಗುಣಪಡಿಸುವ ಔಷಧವಿಲ್ಲದಿದ್ದರೂ ಶಾಲೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18ರ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ವೈದ್ಯರಲ್ಲಿಗೆ ಹೋಗುವಾಗ ಮೂರು ತಲೆಮಾರಿನ ವಂಶವೃಕ್ಷವನ್ನು ಬರೆದು ಒಯ್ಯಿರಿ. ಯಾರು ನಂಟರಲ್ಲಿಯೇ ಮದುವೆಯಾದರು, ಯಾವ ಶಿಶು ತೀರಿಕೊಂಡಿತು ಎಂಬುದು ಅದರಲ್ಲಿರಲಿ. ಅಜ್ಜಿಯನ್ನು ಕೇಳಿ ಬರೆಯಿರಿ, ಆಕೆಗೆ ಎಲ್ಲವೂ ನೆನಪಿರುತ್ತದೆ.