ಕೌದಿಯ ಬೆಲೆಯಲ್ಲಿ ಹೊಲಿದವರ ಕೂಲಿಯೂ ಇರಲಿ



ವಿದ್ಯಾರ್ಥಿವೇತನದಿಂದ ಕಾಲೇಜಿನ ಫೀ ಕಟ್ಟಬಹುದು. ಬಸ್ ಪಾಸು, ನೋಟ್‌ಬುಕ್ಕು, ಪರೀಕ್ಷಾ ಶುಲ್ಕದಂಥ ಸಣ್ಣ ಖರ್ಚುಗಳು ಮನೆಯ ಮೇಲೇ ಉಳಿಯುತ್ತವೆ. ಇವುಗಳನ್ನು ಕೈಗೆಲಸದಿಂದ ಭರಿಸಲು ಯತ್ನಿಸುವ ತಾಯಂದಿರು ನಮ್ಮ ಭಾಗದಲ್ಲಿ ಹಲವರಿದ್ದಾರೆ. ಆ ಕೆಲಸ ಲಾಭಕ್ಕೆ ಬರುವುದು ಹೇಗೆ ಎಂಬುದನ್ನು ಕೌದಿಯ ಉದಾಹರಣೆಯಿಂದ ನೋಡೋಣ.

ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಗೆ ಉರ್ದು ಮನೆಗಳಲ್ಲಿ ಗುದಡಿ ಎನ್ನುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿ ಈಗ ದೂರದೂರಿನವರಿಗೂ ಗೊತ್ತು. ಅವರು ಅಂಚಿನಿಂದ ಆರಂಭಿಸಿ, ಸುತ್ತುತ್ತಾ ನಡುವಿನವರೆಗೆ ಕೈಯಿಂದಲೇ ಹೊಲಿಯುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಲ್ಲಿ ಬಟ್ಟೆ ಮಡಚಿ ಹೂವು ಇಡುತ್ತಾರೆ. ಆ ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬರಿಮೈಯಲ್ಲಿದ್ದಂತೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಾಲ್ ಈ ಕಲೆಯನ್ನು ಅಧ್ಯಯನ ಮಾಡಿದರು. ಅವರ ನೆರವಿನಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ಆರಂಭವಾಯಿತು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನವೂ ನಡೆಯಿತು.

ಆದರೆ ಹೆಸರು ಬಂದ ಮಾತ್ರಕ್ಕೆ ಕಸುಬು ಉಳಿಯುವುದಿಲ್ಲ. ನೆರೆಯ ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮುಸ್ಲಿಂ ಮಹಿಳೆಯರು ಮನೆಯ ಮಗ್ಗದಲ್ಲಿ ನೇಯುವ ಜಮಖಾನಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಆದರೂ ನೇಯುವ ಕೈಗಳು ಬಹಳ ಕಡಿಮೆಯಾಗಿವೆ. ದುಡಿದಷ್ಟು ಕೂಲಿ ಗಿಟ್ಟದಿದ್ದರೆ ಮಗಳು ತಾಯಿಯ ಕಸುಬಿಗೆ ಏಕೆ ಕೂರಬೇಕು?

ಶಾಲೆಯಲ್ಲಿ ನಾವು ಕೊಂಡ ಬೆಲೆ, ಮಾರಿದ ಬೆಲೆ ಎಂದು ಲೆಕ್ಕ ಕಲಿಸುತ್ತೇವೆ. ಮನೆಯ ಕೈಗೆಲಸದಲ್ಲಿ ಕೊಂಡ ಬೆಲೆಯ ದೊಡ್ಡ ಪಾಲು ನಮ್ಮ ಸಮಯ. ಅದನ್ನೇ ಬಿಟ್ಟು ಲೆಕ್ಕ ಹಾಕುವುದರಿಂದ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಒಂದು ಉದಾಹರಣೆ ನೋಡಿ. ದಿನಕ್ಕೆ 3 ಗಂಟೆಯಂತೆ 20 ದಿನ ಹೊಲಿದರೆ 60 ಗಂಟೆ. ಗಂಟೆಗೆ 40 ರೂಪಾಯಿ ಹಿಡಿದರೆ ಕೂಲಿ 2,400 ರೂಪಾಯಿ. ಹಿಂಬದಿಯ ಬಟ್ಟೆಗೆ 300, ದಾರಕ್ಕೆ 150, ಕಟ್ಟಿ ಕಳಿಸಲು 150. ಒಟ್ಟು 3,000 ರೂಪಾಯಿ. ಅದೇ ಕೌದಿಯನ್ನು ಚೌಕಾಸಿಗೆ ಮಣಿದು 1,500ಕ್ಕೆ ಕೊಟ್ಟರೆ, ಖರ್ಚು ಕಳೆದು ಉಳಿಯುವುದು 900. ಅಂದರೆ ಗಂಟೆಗೆ 15 ರೂಪಾಯಿ! ಕೈಗೆ ಹಣ ಬಂತೆಂದು ಸಂತೋಷಪಡುವ ಮೊದಲು ಈ ಭಾಗಾಕಾರ ಮಾಡಿ ನೋಡಬೇಕು.

ಅಂಗಡಿಯ ಮೂಲಕ ಮಾರುವಾಗ ಕಮಿಷನ್ನನ್ನೂ ಮೊದಲೇ ಸೇರಿಸಬೇಕು. ನಿಮ್ಮ ಕೈಗೆ 3,300 ಬರಬೇಕು, ಅಂಗಡಿಯವರು ಶೇಕಡಾ 25 ಇಟ್ಟುಕೊಳ್ಳುತ್ತಾರೆ ಎಂದಾದರೆ ಅಲ್ಲಿಯ ಬೆಲೆ 4,400 ಇರಬೇಕು. ಅಷ್ಟು ಕೊಡಲಾಗದವರಿಗೆ ಅದೇ ಹೊಲಿಗೆಯಲ್ಲಿ ತೊಟ್ಟಿಲ ಕೌದಿ, ದಿಂಬಿನ ಕವರು, ಕೈಚೀಲ ಮಾಡಿ. ದೊಡ್ಡ ಕೌದಿಯ ಬೆಲೆ ಇಳಿಸುವುದಕ್ಕಿಂತ ಇದು ಲೇಸು.

ಗಿರಾಕಿ ಎಲ್ಲಿ ಎಂದು ಕೇಳುವಿರಿ. ದಾಂಡೇಲಿ, ಜೋಯಿಡಾ ಕಡೆಯ ರೆಸಾರ್ಟ್ ಮತ್ತು ಹೋಂಸ್ಟೇಗಳಿಗೆ ಕಾಳಿ ನದಿ ನೋಡಲು ಪ್ರವಾಸಿಗರು ಬರುತ್ತಾರೆ. ಅಂಥ ಕಡೆ ಎರಡು ಮಾದರಿ ಇಟ್ಟು, ಕೊಟ್ಟ ದಿನ, ಬೆಲೆ, ಕಮಿಷನ್ ಬರೆದು ಸಹಿ ಪಡೆಯಿರಿ. ಮೊಬೈಲಿನಲ್ಲಿ ಚಿತ್ರ ಕಳಿಸುವುದಾದರೆ ಹಗಲು ಬೆಳಕಿನಲ್ಲಿ ತೆಗೆಯಿರಿ. ಉದ್ದ, ಅಗಲ, ಒಗೆಯುವ ಕ್ರಮ ತಿಳಿಸಿ. ಹಳೆಯ ಬಟ್ಟೆ ಬಳಸಿದ್ದರೆ ಮುಚ್ಚಿಡಬೇಡಿ. ಒಗೆದು, ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಹೊಲಿಯಿರಿ. ಆರ್ಡರ್ ಬಂದರೆ ಅರ್ಧ ಹಣ ಮುಂಗಡ ಕೇಳಿ. ಕೇಳಲು ಸಂಕೋಚ ಬೇಡ.

ಕಾಗದಪತ್ರಗಳೂ ಬೇಕು. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕುಶಲಕರ್ಮಿಗಳಿಗೆ ‘ಪೆಹಚಾನ್’ ಗುರುತಿನ ಚೀಟಿ ಕೊಡುತ್ತದೆ. ಸಣ್ಣ ಉದ್ಯಮವೆಂದು ದಾಖಲಿಸುವ ‘ಉದ್ಯಮ್’ ನೋಂದಣಿಗೆ ಸರಕಾರದ ಪೋರ್ಟಲಿನಲ್ಲಿ ಶುಲ್ಕವಿಲ್ಲ. ಸರಕಾರಿ ಫೀ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಮನೆಯಲ್ಲಿ ಓದುವ ಮಕ್ಕಳಿದ್ದಾರೆ. ದಿನಾಂಕ, ಖರ್ಚು, ಹೊಲಿದ ಗಂಟೆ, ಬಂದ ಹಣ ಎಂದು ನಾಲ್ಕು ಗೆರೆ ಎಳೆದು ಲೆಕ್ಕದ ಪುಸ್ತಕ ಬರೆಯುವ ಕೆಲಸ ಅವರಿಗೆ ವಹಿಸಿ. ತಾಯಿಯ ದುಡಿಮೆಯ ಬೆಲೆ ಮಕ್ಕಳಿಗೂ ತಿಳಿಯುತ್ತದೆ.

ದಾನಿಗಳಲ್ಲಿ ಒಂದು ವಿನಂತಿ. ಮದುವೆಗೋ ತೊಟ್ಟಿಲಿಗೋ ಉಡುಗೊರೆ ಕೊಡುವಾಗ ಇಂಥ ಮನೆಗಳಿಗೆ ಒಂದು ಆರ್ಡರ್ ಕೊಡಿ. ಚೌಕಾಸಿ ಮಾಡಬೇಡಿ, ಬಟ್ಟೆಗೆ ಮುಂಗಡ ಕೊಡಿ, ಹೊಲಿಯಲು ಒಂದು ತಿಂಗಳು ಸಮಯ ಕೊಡಿ. ಕೈಯಲ್ಲಿ ಕಾಸಿಲ್ಲದ ದಿನವೇ ಒಳ್ಳೆಯ ಕೌದಿ ಅಗ್ಗಕ್ಕೆ ಹೋಗುವುದು. ನಿಮ್ಮ ಮುಂಗಡ ಅದನ್ನು ತಪ್ಪಿಸುತ್ತದೆ.