ಪಶುವೈದ್ಯ ಪದವಿಗೆ ಐದೂವರೆ ವರ್ಷಗಳೇಕೆ?

ಪಶುವೈದ್ಯ ಕಾಲೇಜಿನ ವ್ಯಾಸಂಗವು ಐದೂವರೆ ವರ್ಷಗಳದೆಂದು ಕೇಳಿದ ರೈತರಲ್ಲಿ ಅನೇಕರು ಆಶ್ಚರ್ಯಪಡುವುದುಂಟು. ದನಕ್ಕೆ ಸೂಜಿಮದ್ದು ಕೊಡುವುದನ್ನು ಕಲಿಯಲು ಇಷ್ಟು ಕಾಲ ಬೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆಯು ಅನ್ಯಾಯವಾದುದಲ್ಲ. ಸೂಜಿ ಚುಚ್ಚುವ ಕೆಲಸವನ್ನು ಚುರುಕಾದ ಹುಡುಗನೊಬ್ಬನು ಒಂದು ವಾರದಲ್ಲಿ ಕಲಿತಾನು. ಹಾಗೆ ಕಲಿತು, ಚೀಲದಲ್ಲಿ ನಾಲ್ಕು ಸೀಸೆಗಳನ್ನಿಟ್ಟುಕೊಂಡು ಹಳ್ಳಿಯಿಂದ ಹಳ್ಳಿಗೆ ತಿರುಗುವವರೂ ಇದ್ದಾರೆ. ಆದರೆ ಯಾವ ಔಷಧವನ್ನು ಯಾವ ರಾಸಿಗೆ ಎಷ್ಟು ಕೊಡತಕ್ಕದ್ದು, ಯಾವಾಗ ಕೊಡದೆ ಇರತಕ್ಕದ್ದು ಎಂಬುದನ್ನು ಅರಿಯುವುದಕ್ಕೆ ವಾರವೂ ಸಾಲದು, ವರ್ಷವೂ ಸಾಲದು.

ಹಾಲುಜ್ವರವೆಂಬ ಕಾಯಿಲೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹೆಸರಿನಲ್ಲಿ ಜ್ವರವಿದ್ದರೂ ಈ ಕಾಯಿಲೆಯಲ್ಲಿ ಜ್ವರವಿರುವುದಿಲ್ಲ. ಹೆಚ್ಚು ಹಾಲು ಕೊಡುವ ಹಸುವು ಈದ ಒಂದೆರಡು ದಿನಗಳಲ್ಲಿ ತಡವರಿಸುತ್ತದೆ, ಬಳಿಕ ಮಲಗುತ್ತದೆ, ಕತ್ತನ್ನು ಪಕ್ಕೆಯ ಕಡೆಗೆ ಹೊರಳಿಸಿಕೊಂಡು ಏಳಲಾರದೆ ಹೋಗುತ್ತದೆ. ಕಿವಿಗಳು ತಣ್ಣಗಾಗಿ, ಮೈಕಾವು ಸಹಜಕ್ಕಿಂತ ಇಳಿದಿರುತ್ತದೆ. ರಕ್ತದಲ್ಲಿರುವ ಕ್ಯಾಲ್ಸಿಯಂ ಎಂಬ ಸುಣ್ಣದ ಸತ್ವವು, ಮೂಳೆಯಿಂದಲೂ ಮೇವಿನಿಂದಲೂ ಭರ್ತಿಯಾಗುವುದಕ್ಕಿಂತ ಬೇಗನೆ ಹಾಲಿಗೆ ಇಳಿದುಹೋಗುವುದೇ ಇದಕ್ಕೆ ಕಾರಣ. ಕ್ಯಾಲ್ಸಿಯಂ ದ್ರಾವಣವನ್ನು ಕತ್ತಿನ ರಕ್ತನಾಳಕ್ಕೆ ಹಾಯಿಸಿದರೆ, ಸತ್ತೇಹೋಯಿತೆಂದು ಮನೆಯವರು ಕೈಬಿಟ್ಟಿದ್ದ ಹಸುವು ಕೆಲವು ನಿಮಿಷಗಳಲ್ಲಿ ನಡುಗಿ, ತೇಗಿ, ಸಗಣಿ ಹಾಕಿ, ಎಷ್ಟೋ ವೇಳೆ ಸೀಸೆ ಬರಿದಾಗುವುದರೊಳಗೆ ಎದ್ದು ನಿಲ್ಲುವುದುಂಟು. ನೋಡಿದವರಿಗೆ ಇದು ಪವಾಡದಂತೆ ತೋರುವುದು ಸಹಜ.

ಅದೇ ದ್ರಾವಣವನ್ನು ಅವಸರದಿಂದ ಹಾಯಿಸಿದರೆ ಹಸುವಿನ ಗುಂಡಿಗೆಯು ನಿಂತುಹೋಗುತ್ತದೆ. ಆದುದರಿಂದಲೇ ತಿಳಿದ ವೈದ್ಯನು ಸೀಸೆಯನ್ನು ಮೇಲೆ ಎತ್ತಿ ಹಿಡಿದು ಸುಮ್ಮನೆ ನಿಲ್ಲುವುದಿಲ್ಲ. ಎದೆಗೊಳವೆಯನ್ನು ಕಿವಿಗಿಟ್ಟುಕೊಂಡು ಗುಂಡಿಗೆಯ ಬಡಿತವನ್ನು ಆಲಿಸುತ್ತ, ಬಡಿತದ ಲಯ ಕೆಟ್ಟೊಡನೆ ಕೊಳವೆಯನ್ನು ಹಿಸುಕಿ ಹಿಡಿಯುತ್ತಾನೆ. ಇನ್ನೊಂದು ತೊಡಕೂ ಉಂಟು. ಈದ ಹಸುವು ಮಲಗಿದ್ದ ಮಾತ್ರಕ್ಕೆ ಅದು ಹಾಲುಜ್ವರವೇ ಆಗಿರಬೇಕಾಗಿಲ್ಲ. ಕೆಚ್ಚಲುಬಾವಿನ ವಿಷವು ಮೈಗೇರಿದರೂ ಹಸುವು ಹೀಗೆಯೇ ಮಲಗುತ್ತದೆ. ಅಂತಹ ಹಸುವಿಗೆ ಕ್ಯಾಲ್ಸಿಯಂ ಹಾಯಿಸುವುದು ಬಹಳ ಅಪಾಯಕರ. ಮನೆಯ ಹಾಲು, ಸಂಘಕ್ಕೆ ಅಳೆಯುವ ಹಾಲು, ಹಸು ಕೊಂಡ ಸಾಲದ ಕಂತು, ಇವೆಲ್ಲವೂ ಆ ಒಂದು ಗಳಿಗೆಯ ನಿರ್ಣಯವನ್ನು ಅವಲಂಬಿಸಿರುತ್ತವೆ.

ಈ ಕಾಯಿಲೆಯ ಕಾರಣವು ತಿಳಿದುಬಂದ ಬಗೆಯೂ ಕುತೂಹಲಕರವಾದುದು. 1897ನೆಯ ಇಸವಿಯಲ್ಲಿ ಡೆನ್ಮಾರ್ಕ್ ದೇಶದ ಶ್ಮಿಟ್ ಎಂಬ ಪಶುವೈದ್ಯನು, ಕೆಚ್ಚಲಿನಲ್ಲಿ ವಿಷವು ಹುಟ್ಟುವುದೆಂದು ಬಗೆದು, ಅದರೊಳಕ್ಕೆ ಔಷಧದ ನೀರನ್ನು ತುಂಬಿಸಿದನು. ಹಸುಗಳು ಬದುಕಿದವು. ಬಳಿಕ ಔಷಧವೇ ಬೇಡ, ಬರಿಯ ಗಾಳಿಯನ್ನು ತುಂಬಿದರೂ ಸಾಕೆಂದು ಕಂಡುಬಂದಿತು. ಗುಣವು ನಿಜ, ಕೊಟ್ಟ ಕಾರಣವು ಮಾತ್ರ ತಪ್ಪು. ಕೆಚ್ಚಲು ಬಿಗಿದುದರಿಂದ ಹಾಲಿಳಿಯುವುದು ನಿಂತು, ರಕ್ತದ ಕ್ಯಾಲ್ಸಿಯಂ ಸೋರಿಹೋಗುವುದು ತಪ್ಪುತ್ತಿತ್ತು. 1925ರಲ್ಲಿ ಸ್ಕಾಟ್ಲೆಂಡಿನ ಡ್ರೈಯರ್ ಮತ್ತು ಗ್ರೇಗ್ ಎಂಬುವರು ಕ್ಯಾಲ್ಸಿಯಂ ಕೊರತೆಯ ವಿಚಾರವನ್ನು ಮುಂದಿಟ್ಟ ಮೇಲೆಯೇ ಇದರ ಮರ್ಮವು ತಿಳಿದುದು.

ಕಾಲೇಜಿನ ಮೊದಲ ವರ್ಷದಲ್ಲಿ ವಿದ್ಯಾರ್ಥಿಗೆ ರೋಗದ ಪಾಠವೇ ಇರುವುದಿಲ್ಲ. ಅಂಗರಚನೆ, ದೇಹದ ವ್ಯಾಪಾರ, ದೇಹದೊಳಗಿನ ರಸಾಯನ ಮೊದಲಾದುವನ್ನು ಓದಬೇಕು. ಮನುಷ್ಯವೈದ್ಯವನ್ನು ಓದುವವನಿಗೆ ಒಂದೇ ದೇಹವಾದರೆ, ಇಲ್ಲಿ ಹಸು, ಎಮ್ಮೆ, ಕುರಿ, ಮೇಕೆ, ಕುದುರೆ, ಹಂದಿ, ನಾಯಿ, ಕೋಳಿ ಎಲ್ಲವೂ ಬೇಕು. ಹಸುವಿನ ಹೊಟ್ಟೆಗೆ ನಾಲ್ಕು ಅರೆಗಳು. ಮೊದಲನೆಯದೇ ದೊಡ್ಡ ಹಸುವಿನಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುವುದು, ಎರಡನೆಯದು ಜೇನುಹುಟ್ಟಿನಂತೆ, ಮೂರನೆಯದು ಪುಸ್ತಕದ ಹಾಳೆಗಳಂತೆ, ನಾಲ್ಕನೆಯದು ಮಾತ್ರ ಮನುಷ್ಯನ ಜಠರವನ್ನು ಹೋಲುವುದು. ಕುದುರೆಗೆ ಒಂದೇ ಹೊಟ್ಟೆ, ಆದರೆ ಅದು ವಾಂತಿ ಮಾಡಲಾರದು. ಅದರ ಹೊಟ್ಟೆನೋವು ಅಷ್ಟು ಭಯಂಕರವಾಗಲು ಇದೂ ಒಂದು ಕಾರಣ. ಔಷಧಗಳ ವಿಷಯದಲ್ಲಿಯೂ ಹೀಗೆಯೇ. ರಾಸುಗಳಿಗೆ ಮಂಪರು ಬರಿಸುವ ಜೈಲಜೀನ್ ಎಂಬ ಔಷಧವು ಕುದುರೆಗೆ ಬೇಕಾಗುವ ಪ್ರಮಾಣದ ಹತ್ತರಲ್ಲೊಂದು ಪಾಲಿನಷ್ಟು ಹಸುವಿಗೆ ಸಾಕು. ಮನುಷ್ಯರು ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯು ಬೆಕ್ಕಿಗೆ ಪ್ರಾಣಾಂತಿಕ. ಪುಸ್ತಕವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಇಲ್ಲಿ ಅಷ್ಟಾಗಿ ಪ್ರಯೋಜನಕ್ಕೆ ಬಾರನು. ಪ್ರಾಣಿಯಿಂದ ಪ್ರಾಣಿಗೆ ಇರುವ ಭೇದವು ಬೆರಳ ತುದಿಯಲ್ಲಿರಬೇಕು.

ಆಸ್ಪತ್ರೆಯ ಪಾಠಗಳು ಮೊದಲಾದ ಮೇಲೆ ಕಣ್ಣು, ಕಿವಿ, ಕೈಗಳ ಶಿಕ್ಷಣವು ನಡೆಯುವುದು. ರೋಗಿಗೆ ಮಾತು ಬಾರದಾದುದರಿಂದ ನಿಂತ ಭಂಗಿಯನ್ನೇ ಓದಬೇಕು. ಹಸುವಿನ ಸಹಜವಾದ ಮೈಕಾವು ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯನಿಗೆ ಅದೇ ಜ್ವರ. ಎಡ ಪಕ್ಕೆಯ ಹಿಂದಿನ ಗುಳಿಗೆ ಮುಷ್ಟಿಯನ್ನೊತ್ತಿ ಹಿಡಿದರೆ, ಆರೋಗ್ಯವಂತ ಹಸುವಿನ ದೊಡ್ಡ ಹೊಟ್ಟೆಯು ಎರಡು ನಿಮಿಷಗಳಲ್ಲಿ ಎರಡು ಮೂರು ಬಾರಿ ಉಬ್ಬಿ ಹೊರಳುವುದು ಕೈಗೆ ತಿಳಿಯುತ್ತದೆ. ಗಬ್ಬವನ್ನು ಪರೀಕ್ಷಿಸಲು ಭುಜದವರೆಗೆ ಕೈಚೀಲ ತೊಟ್ಟು ಗುದದ ಮೂಲಕ ಕೈಯಿಡಬೇಕು. ಮೊದಲ ಕೆಲವು ವಾರಗಳವರೆಗೆ ವಿದ್ಯಾರ್ಥಿಯ ಕೈಗೆ ಸಗಣಿಯ ಹೊರತು ಮತ್ತೇನೂ ಸಿಕ್ಕುವುದಿಲ್ಲ. ಅಭ್ಯಾಸವಾದ ಕೈಗೆ ಎರಡು ತಿಂಗಳ ಗಬ್ಬವೂ ಗೋಚರವಾಗುತ್ತದೆ.

ಮೇವಿನೊಡನೆ ತಂತಿಯ ಚೂರನ್ನು ನುಂಗಿದ ಹಸುವಿನ ವಿಷಯವನ್ನೂ ಇಲ್ಲಿ ಹೇಳಬೇಕು. ಹಸುವು ಮೇವನ್ನು ಆರಿಸದೆ ಸೆಳೆದುಕೊಂಡು ನುಂಗುವ ಪ್ರಾಣಿ. ತಂತಿಯು ಜೇನುಹುಟ್ಟಿನಂತಹ ಎರಡನೆಯ ಅರೆಯಲ್ಲಿ ನಿಲ್ಲುತ್ತದೆ. ಅದಕ್ಕೂ ಗುಂಡಿಗೆಗೂ ನಡುವೆ ಇರುವ ಅಂತರವು ಕೇವಲ ಕೆಲವು ಅಂಗುಲಗಳು. ಚುಚ್ಚಿದಾಗ ಹಸುವು ಮೊಣಕೈಗಳನ್ನು ಅಗಲಿಸಿ, ಬೆನ್ನನ್ನು ಬಾಗಿಸಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಇಳಿಯಲೊಲ್ಲದು. ಅಜೀರ್ಣವೆಂದು ತಿಳಿದು ಮನೆಯವರು ಕಷಾಯ ಕುಡಿಸುತ್ತಿರುವಾಗ, ಎದೆಯ ಕೆಳಗೆ ಗಳುವನ್ನಿಟ್ಟು ಮೆಲ್ಲನೆ ಎತ್ತಿ ಬಿಟ್ಟು, ಹಸುವು ನರಳುವುದೋ ಇಲ್ಲವೋ ಎಂದು ನೋಡುವವನು ರೋಗವನ್ನು ಗುರುತಿಸುತ್ತಾನೆ. ತಂತಿಯು ಗುಂಡಿಗೆಯ ಪೊರೆಯನ್ನು ಮುಟ್ಟುವ ಮುನ್ನ ಶಸ್ತ್ರಕ್ರಿಯೆಯಾದರೆ ಹಸುವು ಉಳಿಯುವ ಸಂಭವವಿದೆ. ಬಳಿಕ ಬಹು ಕಷ್ಟ.

ಈ ವಿದ್ಯೆಯಲ್ಲಿ ಕಲಿಯುವವನ ಪ್ರಾಣಕ್ಕೂ ಅಪಾಯವುಂಟು. ಹಸುವು ಜೊಲ್ಲು ಸುರಿಸುತ್ತ ನುಂಗಲಾರದೆ ನಿಂತಿದ್ದರೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬಾಯೊಳಗೆ ಕೈ ಹಾಕುವುದು ವಾಡಿಕೆ. ಅದು ಹುಚ್ಚುನಾಯಿ ಕಚ್ಚಿದ ಹಸುವೂ ಆಗಿರಬಹುದು. ರೋಗದ ಲಕ್ಷಣಗಳು ತೋರಿದ ಮೇಲೆ ಮನುಷ್ಯನಿಗೂ ಬದುಕಿಲ್ಲವೆಂದೇ ಹೇಳಬೇಕು. ಆದುದರಿಂದ ವಿದ್ಯಾರ್ಥಿಗಳು ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಳ್ಳತಕ್ಕದ್ದು. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಿಂದ ತೆಗೆದವರಿಗೆ ಬ್ರುಸೆಲ್ಲಾ ರೋಗವು ತಗಲಿ, ತಿಂಗಳುಗಟ್ಟಲೆ ಜ್ವರವೂ ಕೀಲುನೋವೂ ಬಾಧಿಸಬಹುದು. ಹಠಾತ್ತಾಗಿ ಸತ್ತ ದನದ ಮೂಗು, ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತವು ಒಸರುತ್ತಿದ್ದರೆ ಅದು ನೆರಡಿ ರೋಗವೆಂದು ಶಂಕಿಸಿ, ಹೆಣವನ್ನು ಕೊಯ್ಯಲೇಬಾರದು. ಕೊಯ್ದರೆ ರೋಗಾಣುಗಳು ಗಾಳಿ ಸೋಕಿ ಬೀಜರೂಪ ತಾಳಿ, ಆ ನೆಲದಲ್ಲಿ ದಶಕಗಳವರೆಗೆ ಉಳಿಯುವುವು. ಕಿವಿಯಿಂದ ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದ ಹೊರತು ಕತ್ತಿಯನ್ನು ಕೈಗೆತ್ತಿಕೊಳ್ಳಬಾರದೆಂಬುದು ಕಾಲೇಜಿನಲ್ಲಿ ಮನದಟ್ಟು ಮಾಡಿಸುವ ನಿಯಮಗಳಲ್ಲೊಂದು.

ಕೊಟ್ಟ ಔಷಧದ ಕಥೆಯು ರಾಸಿನಲ್ಲಿಯೇ ಮುಗಿಯುವುದೂ ಇಲ್ಲ. ಡೈಕ್ಲೋಫೆನಾಕ್ ಎಂಬ ನೋವುಶಮನದ ಔಷಧವು ದನಗಳಿಗೆ ಗುಣಕಾರಿಯೇ ಆಗಿದ್ದಿತು. ಆದರೆ ಆ ಔಷಧ ಪಡೆದು ಸತ್ತ ದನಗಳ ಮಾಂಸವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದುವೆಂದು 2004ರಲ್ಲಿ ಸಿದ್ಧವಾಯಿತು. 2006ರಲ್ಲಿ ಭಾರತ ಸರ್ಕಾರವು ಪಶುಗಳಿಗೆ ಅದನ್ನು ಬಳಸುವುದನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಕೆಲವೇ ರಣಹದ್ದುಗಳನ್ನು ಕಂಡವರಿಗೆ ಈ ಪಾಠವನ್ನು ಬೇರೆ ಹೇಳಬೇಕಾಗಿಲ್ಲ.

ಇಂತಹ ಕಾಲೇಜುಗಳು ಹುಟ್ಟಿದುದೂ ದನಗಳ ಪಿಡುಗಿನ ಭಯದಿಂದಲೇ. ಯೂರೋಪಿನಲ್ಲಿ ದೊಡ್ಡರೋಗವು ಹಾವಳಿ ಮಾಡುತ್ತಿದ್ದ ಕಾಲದಲ್ಲಿ, 1761ರಲ್ಲಿ, ಫ್ರಾನ್ಸಿನ ಲಿಯೋಂ ನಗರದಲ್ಲಿ ಶಾಲೆಯನ್ನು ತೆರೆಯಲು ಕ್ಲಾಡ್ ಬೂರ್ಝೆಲಾ ಎಂಬುವನಿಗೆ ಅನುಮತಿ ದೊರೆಯಿತು. ಆ ರೋಗವು ಭೂಮಂಡಲದಿಂದಲೇ ತೊಲಗಿತೆಂದು 2011ರಲ್ಲಿ ಸಾರಲಾಯಿತು. ಮದರಾಸಿನ ಕಾಲೇಜು 1903ರಲ್ಲಿ ಸ್ಥಾಪಿತವಾಗಿ, 1930ರ ದಶಕದಲ್ಲಿ ವಿಶ್ವವಿದ್ಯಾನಿಲಯದ ಪದವಿಯನ್ನು ಕೊಡಲಾರಂಭಿಸಿತು. ಬೆಂಗಳೂರಿನ ಹೆಬ್ಬಾಳದ ಕಾಲೇಜು 1958ರಲ್ಲಿ ಮೊದಲಾಗಿ, ಮುಂದೆ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿತು. 2004ರ ಕಾಯಿದೆಯಂತೆ ಬೀದರಿನಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಏರ್ಪಟ್ಟ ಮೇಲೆ ಅದರ ಆಡಳಿತಕ್ಕೆ ಬಂದಿತು. ಬೀದರ, ಶಿವಮೊಗ್ಗ, ಹಾಸನ, ಗದಗಗಳಲ್ಲಿಯೂ ಈಗ ಕಾಲೇಜುಗಳಿವೆ.

ಭಾರತೀಯ ಪಶುವೈದ್ಯಕೀಯ ಪರಿಷತ್ತಿನ 2016ರ ನಿಯಮಗಳಂತೆ ಪಾಠಗಳಿಗೆ ನಾಲ್ಕೂವರೆ ವರ್ಷಗಳು, ಕೆಲಸದ ಅನುಭವಕ್ಕೆ ಒಂದು ವರ್ಷ. ಈ ಕಡೆಯ ವರ್ಷದಲ್ಲಿ ವಿದ್ಯಾರ್ಥಿಯು ಆಸ್ಪತ್ರೆಗಳಲ್ಲಿಯೂ ಪಶುಕ್ಷೇತ್ರಗಳಲ್ಲಿಯೂ ಹಿರಿಯ ವೈದ್ಯರ ಕೈಕೆಳಗೆ ದುಡಿಯಬೇಕು. ನಡುರಾತ್ರಿ ಬಂದ ಕರೆಗೆ ಹೋಗಿ, ತಲೆ ಹಿಂದಕ್ಕೆ ಹೊರಳಿರುವ ಕರುವನ್ನು ನಾಲ್ಕು ಜನರು ಹಗ್ಗ ಹಾಕಿ ಎಳೆಯುತ್ತಿರುವುದನ್ನು ತಡೆದು, ಮೊದಲು ಒಳಕ್ಕೆ ತಳ್ಳಿ, ತಲೆಯನ್ನು ನೇರಮಾಡಿ, ಬಳಿಕ ಹಸುವು ಮುಕ್ಕುವಾಗ ಮಾತ್ರ ಎಳೆಯಬೇಕೆಂದು ಮನೆಯವರನ್ನು ಒಪ್ಪಿಸುವುದೂ ಈ ಕಲಿಕೆಗೆ ಸೇರಿದುದೇ. ಒಪ್ಪಿಸುವ ಕೆಲಸವು ಕರುವನ್ನು ತಿರುಗಿಸುವುದಕ್ಕಿಂತ ಸುಲಭವೇನಲ್ಲ.

ಕಾಲೇಜಿಗೆ ಸೇರಬಯಸುವವರು ಪದವಿಪೂರ್ವ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷನ್ನು ಓದಿರಬೇಕು. ಹೆಣ್ಣುಮಕ್ಕಳೂ ಸೇರಬಹುದು, ಸೇರುತ್ತಲೂ ಇದ್ದಾರೆ. ಕರ್ನಾಟಕದಲ್ಲಿ ವ್ಯವಸಾಯಗಾರರ ಮಕ್ಕಳಿಗಾಗಿ ಸ್ಥಾನಗಳ ಒಂದು ಪಾಲನ್ನು ಮೀಸಲಾಗಿರಿಸಿದೆ. ಆ ಪಾಲಿನಲ್ಲಿ ಅರ್ಜಿ ಹಾಕುವವರಿಗೆ ಪ್ರತ್ಯೇಕವಾದ ಪ್ರಾಯೋಗಿಕ ಪರೀಕ್ಷೆಯು ನಡೆಯುವುದು. ಕೊಟ್ಟಿಗೆಯ ಕೆಲಸದಲ್ಲಿ ತಂದೆತಾಯಿಗಳಿಗೆ ನೆರವಾಗಿ ಬೆಳೆದ ಮಕ್ಕಳಿಗೆ ಆ ಪರೀಕ್ಷೆಯು ಕಷ್ಟವಾಗಲಾರದು.