ಅರವತ್ನಾಲ್ಕು ಚುಕ್ಕಿಗಳ ಬಿಲ್ಲೆ

ಸೊರಬ, ಶಿಕಾರಿಪುರ, ಸಾಗರ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಮಹಾನವಮಿಯ ಹೊತ್ತಿಗೆ ಬಿದಿರಿನ ಬುಟ್ಟಿಗಳಿಗೆ ಬಣ್ಣ ಏರತೊಡಗುತ್ತದೆ. ಸಗಣಿ ಸಾರಿಸಿ ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಹೆಣ್ಣುಮಕ್ಕಳು ಅಕ್ಕಿಹಿಟ್ಟಿನ ಬಿಳಿಯನ್ನು ಪುಂಡಿನಾರಿನ ಕುಂಚದಿಂದ ಎಳೆಎಳೆಯಾಗಿ ಬರೆಯುತ್ತಾರೆ. ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಚರಗವನ್ನು, ಅಂದರೆ ಭೂಮಿಗೆ ಅರ್ಪಿಸುವ ಎಡೆಯನ್ನು, ಗದ್ದೆಗೆ ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿ ಅದು. ಅದೇ ಕೈಗಳು ಮದುವೆ ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತವೆ. ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಕರಿಕಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ: ಬಣ್ಣಗಳು ಇಷ್ಟೇ. ಗೆರೆಗಳು ಬಹುಪಾಲು ನೇರ. ಇಷ್ಟರಲ್ಲೇ ಬಾಸಿಂಗ, ದಂಡಿಗೆ, ಭತ್ತದ ಸಸಿ ಎಲ್ಲವೂ ಮೂಡುತ್ತವೆ.

ಕಂಪ್ಯೂಟರಿನ ಆಟಗಳನ್ನೂ ಇಂಥದೇ ಕಟ್ಟಳೆಯೊಳಗೆ ಕಟ್ಟುವ ಕಿರುತಂತ್ರಾಂಶಗಳಿವೆ. ಇವು ಹಳೆಯ ವಿಡಿಯೊ ಗೇಮುಗಳ ಚಹರೆಯನ್ನು ಬೇಕೆಂದೇ ಉಳಿಸಿಕೊಂಡ ಪುಟ್ಟ ಗೇಮ್ ಎಂಜಿನ್‌ಗಳು. ಸ್ಟೀಫನ್ ಲಾವೆಲ್ 2013ರಲ್ಲಿ ರೂಪಿಸಿದ ಪಝಲ್‌ಸ್ಕ್ರಿಪ್ಟ್, ಜೋಸೆಫ್ ವೈಟ್ 2015ರಲ್ಲಿ ಹೊರತಂದ ಪಿಕೊ-8 ಈ ಜಾತಿಯವು. ಇವುಗಳಲ್ಲಿ ಅತ್ಯಂತ ಸರಳವಾದದ್ದು, ಪ್ರೋಗ್ರಾಮಿಂಗ್ ತಿಳಿಯದವರೂ ಬಳಸಬಲ್ಲದ್ದು, ಆಡಂ ಲೆ ಡೂ ರಚಿಸಿದ ಬಿಟ್ಸಿ. ಉಚಿತವಾಗಿ ಸಿಗುವ ಇದು ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ.

ಬಿಟ್ಸಿಯ ಜಗತ್ತು ಕೋಣೆಗಳಿಂದ ಆದದ್ದು. ಪ್ರತಿ ಕೋಣೆ ಅಡ್ಡಕ್ಕೆ 16, ಉದ್ದಕ್ಕೆ 16, ಒಟ್ಟು 256 ಮನೆಗಳ ಚೌಕ. ಒಂದೊಂದು ಮನೆಯಲ್ಲೂ ಒಂದು ಬಿಲ್ಲೆ ಕೂರುತ್ತದೆ. ಬಿಲ್ಲೆಯೊಳಗೆ ಎಂಟು ಸಾಲು, ಸಾಲಿಗೆ ಎಂಟರಂತೆ 64 ಚಿತ್ರಬಿಂದುಗಳು, ಅಂದರೆ ಪಿಕ್ಸೆಲ್‌ಗಳು. ಒಂದು ಕೋಣೆಗೆ ದಕ್ಕುವುದು ಮೂರೇ ಬಣ್ಣ: ಹಿನ್ನೆಲೆಗೆ ಒಂದು, ಬಿಲ್ಲೆಗಳಿಗೆ ಒಂದು, ಪಾತ್ರಗಳಿಗೆ ಒಂದು. ಹೀಗಾಗಿ ಯಾವ ಬಿಲ್ಲೆಯಲ್ಲಾದರೂ ಪ್ರತಿ ಚುಕ್ಕಿಗಿರುವ ಗತಿ ಎರಡೇ, ಹಿನ್ನೆಲೆಯಾಗಿ ಉಳಿಯುವುದು ಅಥವಾ ಬಣ್ಣ ತಳೆಯುವುದು. ಅದನ್ನು ಹೇಳಲು ಸೊನ್ನೆ ಮತ್ತು ಒಂದು ಸಾಕು.

ಬಿಟ್ಸಿ ತನ್ನ ಚಿತ್ರಗಳನ್ನು ಉಳಿಸಿಡುವುದೂ ಹಾಗೆಯೇ, ಯಾರಾದರೂ ಓದಬಹುದಾದ ಸರಳ ಪಠ್ಯವಾಗಿ. ಮೂಲೆಯಿಂದ ಮೂಲೆಗೆ ಓರೆಗೆರೆ ಬೇಕಿದ್ದರೆ ಮೊದಲ ಸಾಲು 10000000, ಎರಡನೆಯದು 01000000, ಮೂರನೆಯದು 00100000. ಎಂಟನೆಯ ಸಾಲಿನಲ್ಲಿ ಆ 1 ಬಲತುದಿ ಮುಟ್ಟಿರುತ್ತದೆ. ಇದರ ಕನ್ನಡಿಬಿಂಬದಂಥ ಇನ್ನೊಂದು ಬಿಲ್ಲೆ ಮಾಡಿ, ಎರಡನ್ನೂ ಚದುರಂಗದ ಮಣೆಯ ಕಪ್ಪುಬಿಳುಪಿನ ಮನೆಗಳಂತೆ ಒಂದು ಬಿಟ್ಟು ಒಂದು ಜೋಡಿಸಿದರೆ ಇಡೀ ಗೋಡೆಯ ತುಂಬ ವಜ್ರಾಕೃತಿಯ ಹೆಣಿಗೆ ಮೂಡುತ್ತದೆ. ಬರೆದದ್ದು 128 ಚುಕ್ಕಿ, ಪರದೆಯಲ್ಲಿ ಕಾಣುವುದು 16,384.

ಓರೆಗೆರೆ 45 ಡಿಗ್ರಿಯದಾದರೆ ಇಷ್ಟು ಸಲೀಸು. ಎಂಟು ಚುಕ್ಕಿ ಸಾಗುವಷ್ಟರಲ್ಲಿ ಮೂರೇ ಚುಕ್ಕಿ ಏರಬೇಕಾದ ಗೆರೆ ಹಾಗಲ್ಲ. ಮೆಟ್ಟಿಲು ಎಲ್ಲೆಲ್ಲಿ ಬರಬೇಕೆಂದು ನಿರ್ಧರಿಸಲೇಬೇಕು. ಐಬಿಎಂ ಸಂಸ್ಥೆಯಲ್ಲಿದ್ದ ಜ್ಯಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ಇದಕ್ಕೊಂದು ಸೊಗಸಾದ ಕ್ರಮವಿಧಿ ಕಂಡುಕೊಂಡರು. ನಿಜವಾದ ಗೆರೆಗೂ ಚುಕ್ಕಿಗೂ ಬೀಳುವ ಅಂತರವನ್ನು ಪ್ರತಿ ಹೆಜ್ಜೆಗೂ ಕೂಡಿಡುತ್ತ ಹೋಗುವುದು, ಅದು ಅರ್ಧ ಚುಕ್ಕಿ ಮೀರಿದೊಡನೆ ಒಂದು ಮೆಟ್ಟಿಲು ಏರುವುದು. ಪೂರ್ಣಾಂಕಗಳ ಕೂಡು-ಕಳೆಯಲ್ಲೇ ಎಲ್ಲವೂ ಮುಗಿಯುತ್ತದೆ. ಪುಂಡಿನಾರು ಹಿಡಿದ ಕೈಗೆ ಈ ಕಷ್ಟವೇ ಇಲ್ಲ. ಆದ್ದರಿಂದ ಚಿತ್ತಾರವನ್ನು ಬಿಲ್ಲೆಗಿಳಿಸುವುದು ನಕಲಿನ ಕೆಲಸವಲ್ಲ, ಯಾವ ಗೆರೆ ಉಳಿದರೆ ಬಾಸಿಂಗ ಬಾಸಿಂಗವಾಗಿಯೇ ಕಂಡೀತು ಎಂದು ಆರಿಸುವ ಕೆಲಸ.

ಬಿಲ್ಲೆಯ ಈ ಉಪಾಯ ಹುಟ್ಟಿದ್ದು ಬಡತನದಲ್ಲಿ. 1977ರ ಅಟಾರಿ 2600 ವಿಡಿಯೊ ಗೇಮ್ ಯಂತ್ರದಲ್ಲಿದ್ದ ಸ್ಮರಣೆ 128 ಬೈಟ್ ಮಾತ್ರ. ಒಂದು ಪರದೆಯ ಚಿತ್ರವನ್ನೂ ಅದು ಹಿಡಿದಿಡಲಾರದು. 1983ರಲ್ಲಿ ಜಪಾನಿನ ನಿಂಟೆಂಡೊ ಹೊರತಂದ ಫ್ಯಾಮಿಕಾಮ್‌ನ ಪರದೆಯಲ್ಲಿ 61,440 ಚುಕ್ಕಿಗಳಿದ್ದವು. ಒಂದೊಂದನ್ನೂ ಬೇರೆಬೇರೆ ನೆನಪಿಡುವ ಬದಲು ಅದು ಪರದೆಯನ್ನು 32 ಅಡ್ಡ, 30 ಉದ್ದದ 960 ಮನೆಗಳಾಗಿ ಹೋಳುಮಾಡಿ, ಯಾವ ಮನೆಯಲ್ಲಿ ಎಷ್ಟನೇ ಬಿಲ್ಲೆ ಎಂಬುದನ್ನಷ್ಟೇ ನೆನಪಿಟ್ಟುಕೊಂಡಿತು. ಆ ಬಿಲ್ಲೆಯೂ ಎಂಟೆಂಟು ಚುಕ್ಕಿಯದೇ. ಆ ಕಾಲದಲ್ಲಿ ಅನಿವಾರ್ಯವಾಗಿದ್ದ ಮಿತಿಯನ್ನು ಬಿಟ್ಸಿ ಇಂದು ಇಷ್ಟಪಟ್ಟು ಹೊತ್ತುಕೊಂಡಿದೆ.

ಚಿತ್ರ ಆಟವಾಗುವುದು ನಿಯಮಗಳಿಂದ. ಭೂಮಿ ಹುಣ್ಣಿಮೆಯನ್ನೇ ಒಂದು ಆಟವಾಗಿ ಕಲ್ಪಿಸಬಹುದು: ಮೊದಲ ಕೋಣೆ ಅಡುಗೆಮನೆ, ಎರಡನೆಯದು ಬೇಲಿಸಾಲಿನ ದಾರಿ, ಮೂರನೆಯದು ತೆನೆಗಟ್ಟಿದ ಗದ್ದೆ. ಆಡುವವರು ಬಾಣದ ಗುಂಡಿ ಒತ್ತಿದಾಗಲೆಲ್ಲ ಎಂಜಿನ್ ಮುಂದಿನ ಮನೆಯನ್ನು ನೋಡಿ ಕೆಲವೇ ಪ್ರಶ್ನೆ ಕೇಳಿಕೊಳ್ಳುತ್ತದೆ. ಅಲ್ಲಿ ಗೋಡೆಯಿದೆಯೇ? ಇದ್ದರೆ ಹೆಜ್ಜೆ ನಿಲ್ಲುತ್ತದೆ. ಅಜ್ಜಿಯ ಪಾತ್ರವಿದೆಯೇ? ಮಾತು ತೆರೆದುಕೊಳ್ಳುತ್ತದೆ. ಚರಗಕ್ಕೆ ಬೇಕಾದ ಸೊಪ್ಪು ಬಿದ್ದಿದೆಯೇ? ಅದು ಮಡಿಲು ಸೇರಿ ಲೆಕ್ಕ ಒಂದು ಏರುತ್ತದೆ. ಬಾಗಿಲಿದೆಯೇ? ಕೋಣೆ ಬದಲಾಗುತ್ತದೆ. ಆ ಲೆಕ್ಕವನ್ನು ಹಿಡಿದಿಡುವ ಹೆಸರುಳ್ಳ ಸಂಖ್ಯೆಯೇ ಗಣಿತದ ಪಾಠದಲ್ಲಿ ಬರುವ ಚರ. ಸೊಪ್ಪು ಸಾಲದಿದ್ದರೆ ಅಜ್ಜಿ ಮತ್ತೆ ಬೇಲಿಯ ಕಡೆಗೇ ಕಳಿಸುತ್ತಾಳೆ, ಸಾಕಾದರೆ ಬುಟ್ಟಿ ಹೊರಿಸುತ್ತಾಳೆ. ತರ್ಕಶಾಸ್ತ್ರದ ‘ಹೀಗಿದ್ದರೆ ಹಾಗೆ’ ಎಂಬ ಷರತ್ತು ಇಲ್ಲಿ ಒಂದು ಮುದುಕಿಯ ಮಾತಾಗುತ್ತದೆ. ಪ್ರತಿ ಬಿಲ್ಲೆಗೆ ಎರಡು ಚಿತ್ರ ಬರೆಯಲು ಅವಕಾಶವಿದ್ದು, ಅರ್ಧ ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಅವು ಅದಲುಬದಲಾಗುವುದರಿಂದ ಭತ್ತದ ತೆನೆ ಎಡಕ್ಕೂ ಬಲಕ್ಕೂ ತೊನೆಯುತ್ತದೆ. ಎಡೆಯ ಒಂದು ಪಾಲನ್ನು ಗದ್ದೆಯ ಮಣ್ಣಿನಲ್ಲಿ ಹೂಳಿದಾಗ ಆಟ ಮುಗಿಯುತ್ತದೆ. ಗೆಲುವಿಲ್ಲ, ಅಂಕವಿಲ್ಲ, ಸಾವಿಲ್ಲ. ಬಸುರಿ ಭೂಮಿಗೆ ಬಯಕೆ ಬಡಿಸುವ ಹಬ್ಬಕ್ಕೆ ಈ ಬಗೆಯ ಆಟವೇ ಒಪ್ಪುವುದು.

ಮುಗಿದ ಆಟವನ್ನು ಬಿಟ್ಸಿ ಒಂದೇ ಒಂದು ಎಚ್‌ಟಿಎಂಎಲ್ ಕಡತವಾಗಿ ಕೊಡುತ್ತದೆ. ಪೆನ್‌ಡ್ರೈವಿನಲ್ಲಿ ಕೊಂಡೊಯ್ದು ಯಾವುದೇ ಬ್ರೌಸರಿನಲ್ಲಿ ತೆರೆದರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ; ಮೊಬೈಲಿನಲ್ಲಿ ಬೆರಳು ಸರಿಸಿಯೂ ಆಡಬಹುದು. ಹಳ್ಳಿಶಾಲೆಯ ಹಳೆಯ ಕಂಪ್ಯೂಟರಿಗೂ ಇದು ಭಾರವಲ್ಲ. ದೊಡ್ಡ ಆಟವೊಂದರಲ್ಲಿ ಚಿತ್ರಕಾರ, ಕಥೆಗಾರ, ಪ್ರೋಗ್ರಾಮರ್ ಬೇರೆಬೇರೆಯಾಗಿ ದುಡಿಯುತ್ತಾರೆ. ಇಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಮೂವರ ಕೆಲಸವನ್ನೂ ತಾನೇ ಮಾಡಿ, ಕೆಲವೇ ದಿನಗಳಲ್ಲಿ ಪೂರ್ತಿಯಾದ ಒಂದು ವಸ್ತುವನ್ನು ಕೈಗೆತ್ತಿಕೊಳ್ಳಬಹುದು. ಕಿರಿದಾಗಿರುವುದರ ನಿಜವಾದ ಲಾಭ ಇದೇ.

ತೊಡಕೊಂದಿದೆ, ಅದು ಲಿಪಿಯದು. ಇಂಥ ಎಂಜಿನ್‌ಗಳ ಅಕ್ಷರಗಳೂ ಚುಕ್ಕಿಗಳಿಂದಲೇ ಆದವು, ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬ ಲೆಕ್ಕದಲ್ಲಿ ಹುಟ್ಟಿದವು. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ‘ಚರಗ’ ಎಂದು ಬರೆಯಲು ಮೂರು ಚಿತ್ರ ಸಾಲಾಗಿಟ್ಟರೆ ಆಯಿತು. ‘ಬುಟ್ಟಿ’ ಎಂದೊಡನೆ ಗುಣಿತ ಅಕ್ಷರಕ್ಕೆ ಅಂಟಬೇಕು, ಒತ್ತು ಕೆಳಗಿಳಿಯಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದ ಹಿಂದೆ ಆರು ಯುನಿಕೋಡ್ ಸಂಕೇತಗಳಿವೆ. ಬ್ರೌಸರುಗಳು ಅವನ್ನು ಬೆಸೆಯುವ ವಿದ್ಯೆಯನ್ನು ಚೆನ್ನಾಗಿ ಬಲ್ಲವು, ಚುಕ್ಕಿ ಅಕ್ಷರಗಳು ಅರಿಯವು. ಎಂಟು ಚುಕ್ಕಿ ಎತ್ತರದೊಳಗೆ ಅಕ್ಷರ, ಗುಣಿತ, ಒತ್ತು ಮೂರನ್ನೂ ತುರುಕಲೂ ಆಗದು. ಸದ್ಯಕ್ಕೆ ನಾಲ್ಕು ಬಿಲ್ಲೆ ಕೂಡಿಸಿ ಹದಿನಾರು ಚುಕ್ಕಿ ಎತ್ತರದ ಅಕ್ಷರವನ್ನು ಚಿತ್ರವಾಗಿಯೇ ಬರೆದಿಡಬಹುದು. ಶೀರ್ಷಿಕೆಗೆ ಅದು ನಡೆದೀತು, ಅಜ್ಜಿಯ ಮಾತಿಗೆ ಸಾಲದು. ಬಿಟ್ಸಿಯ ಮೂಲಸಂಕೇತ ಮುಕ್ತವಾಗಿದೆ, ಯಾರು ಬೇಕಾದರೂ ತಿದ್ದಬಹುದು. ಕನ್ನಡಕ್ಕೆ ಒತ್ತು-ಗುಣಿತ ಬೆಸೆಯಬಲ್ಲ ಒಂದು ಚುಕ್ಕಿ ಅಕ್ಷರವಿನ್ಯಾಸವನ್ನು, ಅಕ್ಷರ ಬಲ್ಲವರೂ ಪ್ರೋಗ್ರಾಮಿಂಗ್ ಬಲ್ಲವರೂ ಜೊತೆಗೆ ಕೂತು ಆದಷ್ಟು ಬೇಗ ಮಾಡಿಕೊಡಬೇಕು.